ಮಳೆಯನ್ನು ಬಲ್ಲ ಹಿತ್ತಲು

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಬೆಂಗಳೂರಿನ ವಾರ್ಷಿಕ ಮಳೆ 1,000 ಮಿಲಿಮೀಟರಿನ ಆಸುಪಾಸು ಎಂಬುದನ್ನು ನೆನೆದರೆ ಈ ಅಂಕಿಯ ಅರ್ಥವಾದೀತು. ಅದರಲ್ಲೂ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಸುರಿದುಬಿಡುತ್ತದೆ. ಹೊಳೆ ದಾಟುವಂತಿಲ್ಲ, ಸಂತೆ ದೂರ, ಬಿಸಿಲಿನ ಮುಖ ಕಂಡು ವಾರಗಳೇ ಆಗಿರುತ್ತವೆ. ಸೇತುವೆ, ಬಸ್ಸುಗಳು ಬರುವ ಮೊದಲು ಮಲೆನಾಡು ಮತ್ತು ಕರಾವಳಿಯ ದೊಡ್ಡ ಕೂಡುಕುಟುಂಬಗಳು ಇಂಥ ದಿನಗಳಲ್ಲಿ ಅನ್ನದ ಜತೆಗೆ ಏನನ್ನು ಉಣ್ಣುತ್ತಿದ್ದವು? ಉತ್ತರ ಅಡುಗೆಮನೆಯ ಹಿಂಬಾಗಿಲಿನ ಆಚೆಗೇ ಇದೆ. ಅದು ಹಿತ್ತಲು.

‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆ ಹಿತ್ತಲಿಗೆ ನಾವು ಕೊಟ್ಟಿರುವ ಬೆಲೆಯನ್ನೂ ಹೇಳುತ್ತದೆ. ಅಡಿಕೆ, ಭತ್ತಗಳಿಗೆ ಲೆಕ್ಕವಿದೆ, ಧಾರಣೆಯಿದೆ. ಸಂತೆಗೆ ಹೋಗದ ಹೀರೆ, ಬೆಂಡೆಗಳಿಗೆ ಅದಿಲ್ಲ. ಅವು ಹೆಚ್ಚಾಗಿ ಹೆಂಗಸರ ಕೈಯ ಬೆಳೆ; ಕೈಯಿಂದ ನೇರ ಒಲೆಗೆ ಹೋದವು. ಆದರೆ ಅತಿವೃಷ್ಟಿಯನ್ನು ಎದುರಿಸುವ ಒಂದು ಪೂರ್ಣ ಶಾಸ್ತ್ರವೇ ಈ ಲೆಕ್ಕವಿಲ್ಲದ ಜಾಗದಲ್ಲಿ ರೂಪುಗೊಂಡಿತು.

ನಕ್ಷತ್ರದ ಕ್ಯಾಲೆಂಡರು

ಈ ಶಾಸ್ತ್ರದ ಮೊದಲ ಪಾಠ ಕಾಲಜ್ಞಾನ. ಸೂರ್ಯ ವರ್ಷದಲ್ಲಿ 27 ನಕ್ಷತ್ರಗಳನ್ನು ದಾಟುತ್ತಾನೆ. ಒಂದೊಂದರಲ್ಲಿ ಹದಿಮೂರು-ಹದಿನಾಲ್ಕು ದಿನ ಇರುತ್ತಾನೆ. ನಮ್ಮ ರೈತರು ಹೇಳುವ ‘ಮಳೆ’ಗಳು ಇವೇ. ಮೇ ಕೊನೆಯ ವಾರಕ್ಕೆ ರೋಹಿಣಿ, ಜೂನ್ ಎರಡನೆಯ ವಾರಕ್ಕೆ ಮೃಗಶಿರಾ, ಜೂನ್ 22ರ ಹೊತ್ತಿಗೆ ಆರಿದ್ರೆ. ‘ಆದರೆ ಆರಿದ್ರೆ, ಇಲ್ಲದಿದ್ದರೆ ದರಿದ್ರೆ’ ಎಂಬ ಮಾತು ಹುಟ್ಟಿದ್ದು ಭತ್ತದ ರೈತನ ಬಾಯಲ್ಲಿ. ಹಿತ್ತಲಿನವರಿಗೆ ಆರಿದ್ರೆಗಿಂತ ಮುಖ್ಯವಾದುದು ಅದಕ್ಕೂ ಮುಂಚಿನ ತಿಂಗಳು. ಬೇಸಿಗೆಯ ಒಂದೆರಡು ಅಡ್ಡಮಳೆ ಬಿದ್ದು ಮಣ್ಣು ತೇವವಾದಾಗಲೇ ಹೀರೆ, ಹಾಗಲ, ಪಡವಲ, ಬೆಂಡೆಯ ಬೀಜ ಊರಬೇಕು. ಮಳೆಗಾಲ ಜಡಿದು ಹಿಡಿಯುವ ಹೊತ್ತಿಗೆ ಗಿಡ ಬೇರು ಬಿಟ್ಟು ನಾಲ್ಕಾರು ಎಲೆ ಮೂಡಿಸಿರಬೇಕು. ಎರಡೆಲೆಯ ಎಳೆಸಸಿಯಾದರೆ ಹನಿಯ ಹೊಡೆತಕ್ಕೇ ಮಣ್ಣು ಮುಚ್ಚಿ ಕೊಳೆಯುತ್ತದೆ.

ಆದರೆ ಎಲ್ಲ ಬೀಜವನ್ನೂ ಒಂದೇ ದಿನ ಊರುವುದು ಜಾಣತನವಲ್ಲ. ಮೊದಲ ಸಾಲು ಕೊಚ್ಚಿಹೋದರೆ ಎರಡನೆಯದಕ್ಕೆಂದು ಒಂದು ಹಿಡಿ ಬೀಜ ಗಡಿಗೆಯಲ್ಲಿ ಉಳಿದಿರಬೇಕು. ಈ ಒಂದು ಹಿಡಿಯ ವಿಚಾರಕ್ಕೆ ಮುಂದೆ ಬರೋಣ.

ಬೇರಿಗೂ ಉಸಿರು

ಎರಡನೆಯ ಪಾಠ ಮಣ್ಣಿನದು. ಅತಿಮಳೆಯಲ್ಲಿ ಗಿಡ ಸಾಯುವುದು ನೀರು ಹೆಚ್ಚಾಗಿ ಎನ್ನುವುದಕ್ಕಿಂತ ಗಾಳಿ ಸಾಲದೆ ಎನ್ನುವುದು ಸರಿ. ಬೇರೂ ಉಸಿರಾಡುತ್ತದೆ, ಮಣ್ಣಿನ ಕಣಗಳ ನಡುವಿನ ಸಂದುಗಳಲ್ಲೆಲ್ಲ ನೀರು ನಿಂತರೆ ಆಮ್ಲಜನಕ ಸಿಗದೆ ಅದು ಕೊಳೆಯುತ್ತದೆ. ಆದ್ದರಿಂದಲೇ ಮಳೆಗಾಲದ ಹಿತ್ತಲಲ್ಲಿ ಗುಂಡಿಗೆ ಬದಲು ಗುಡ್ಡೆ, ಪಾತಿಗೆ ಬದಲು ಏರಿ. ಏರಿಗಳ ನಡುವೆ ಕಾಲುವೆ ತೆಗೆದು ನೀರನ್ನು ಇಳಿಜಾರಿಗೆ ಬಿಡುತ್ತಾರೆ. ಬುಡಕ್ಕೆ ಹಾಸಿದ ತರಗೆಲೆ ಹನಿಯ ಪೆಟ್ಟನ್ನು ತಾನು ತಿಂದು ಮಣ್ಣನ್ನು ಉಳಿಸುತ್ತದೆ.

ಮಳೆ ಇನ್ನೊಂದು ಹಾನಿಯನ್ನೂ ಮಾಡುತ್ತದೆ. ಸುಣ್ಣದ ಅಂಶವನ್ನೂ ಸಾರಜನಕವನ್ನೂ ತೊಳೆದು ಕೆಳಕ್ಕೆ ಒಯ್ಯುತ್ತದೆ. ಕರಾವಳಿಯ ಜಂಬಿಟ್ಟಿಗೆ ಮಣ್ಣು ಹುಳಿಯಾಗಿರುವುದಕ್ಕೆ ಇದೂ ಒಂದು ಕಾರಣ. ಒಲೆಯ ಬೂದಿ, ಕಸಕಡ್ಡಿಯ ಜತೆ ಬೇಯಿಸಿದ ಸುಡುಮಣ್ಣು, ಕೊಟ್ಟಿಗೆ ಗೊಬ್ಬರ ಈ ಕೊರತೆಯನ್ನು ತುಂಬುತ್ತವೆ. ಬೂದಿ ಮಣ್ಣಿನ ಹುಳಿಯನ್ನು ತಗ್ಗಿಸುತ್ತದೆ, ಪೊಟ್ಯಾಷ್ ಕೊಡುತ್ತದೆ. ಒಮ್ಮೆಲೇ ಸುರಿದರೆ ಅದೂ ತೊಳೆದುಹೋಗುತ್ತದೆಯಾದ್ದರಿಂದ ಸ್ವಲ್ಪ ಸ್ವಲ್ಪವಾಗಿ, ಹಲವು ಸಲ ಹಾಕುವುದು ರೂಢಿ.

ಮೂರನೆಯದು ಚಪ್ಪರ. ಬಳ್ಳಿ ನೆಲ ಬಿಟ್ಟು ಮೇಲೇರಿದರೆ ಎಲೆಗಳ ನಡುವೆ ಗಾಳಿಯಾಡುತ್ತದೆ, ಕಾಯಿಗೆ ಕೆಸರು ತಾಗುವುದಿಲ್ಲ. ಮಳೆಗಾಲದ ಹಿತ್ತಲನ್ನು ಆಳುವವು ಬಳ್ಳಿ ತರಕಾರಿಗಳೇ ಆಗಿರುವುದಕ್ಕೆ ಇದೊಂದು ಕಾರಣ. ಆದರೂ ಬಳ್ಳಿಯ ತುಂಬ ಹೂವಿದ್ದು ಕಾಯಿಯೇ ಇಲ್ಲದ ದಿನಗಳುಂಟು. ಈ ಬಳ್ಳಿಗಳಲ್ಲಿ ಗಂಡುಹೂ, ಹೆಣ್ಣುಹೂ ಬೇರೆಬೇರೆ. ಒಂದರಿಂದ ಇನ್ನೊಂದಕ್ಕೆ ಪರಾಗ ಒಯ್ಯಲು ಜೇನ್ನೊಣವೋ ಪತಂಗವೋ ಬೇಕು. ಎಡೆಬಿಡದ ಮಳೆಯಲ್ಲಿ ಅವು ಹೊರಬೀಳುವುದಿಲ್ಲ. ಹೊಳವಾದ ಹೊತ್ತಿನಲ್ಲಿ ಗಂಡುಹೂವನ್ನು ಕಿತ್ತು ಹೆಣ್ಣುಹೂವಿಗೆ ತಾಗಿಸಿದರೆ ಕಾಯಿ ನಿಲ್ಲುತ್ತದೆ. ಹಾಗಲ ಅರಳುವುದು ಬೆಳಿಗ್ಗೆ, ಹೀರೆ ಸಂಜೆಗೆ. ಈ ವೇಳೆಯನ್ನು ಅರಿತವರಿಗೆ ಮಾತ್ರ ಈ ಕೆಲಸ ಕೈಗೂಡುತ್ತದೆ.

ಬೆಳೆಯದ ದಿನಗಳಿಗೆ

ಇಷ್ಟಾದರೂ ಏನೂ ಬೆಳೆಯದ ದಿನಗಳು ಬಂದೇ ಬರುತ್ತವೆ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಆಟಿ ತಿಂಗಳು ತುಳುನಾಡಿನಲ್ಲಿ ಕಷ್ಟದ ತಿಂಗಳೆಂದೇ ಹೆಸರಾದುದು. ಅದಕ್ಕೆ ತಯಾರಿ ಬೇಸಿಗೆಯಲ್ಲೇ ನಡೆದಿರುತ್ತದೆ. ಗದ್ದೆಯಲ್ಲಿ ಬೆಳೆದ ಸೌತೆಕಾಯಿ, ಉತ್ತರ ಕನ್ನಡದವರ ಮೊಗೆಕಾಯಿ, ಬಾಳೆನಾರಿನ ಕುಣಿಕೆಯಲ್ಲಿ ಜಂತಿಯಿಂದ ತೂಗುತ್ತಿರುತ್ತದೆ. ನೆಲಕ್ಕೂ ಒಂದಕ್ಕೊಂದಕ್ಕೂ ತಾಗದಂತೆ ತೂಗಿದ ಈ ಕಾಯಿ ತಿಂಗಳುಗಟ್ಟಲೆ ಕೆಡುವುದಿಲ್ಲ. ಬೂದುಗುಂಬಳವನ್ನು ಅದರ ಮೈಮೇಲಿನ ಮೇಣದ ಪುಡಿಯೇ ಕಾಯುತ್ತದೆ. ಹಲಸಿನ ತೊಳೆ, ಮಾವಿನಮಿಡಿಗಳು ಉಪ್ಪಿನ ಭರಣಿ ಸೇರಿರುತ್ತವೆ.

ಅದೂ ಸಾಲದಾದಾಗ ಕಾಡು ಕೈಹಿಡಿಯುತ್ತದೆ: ಕೆಸುವಿನ ಎಲೆ, ಎಳೆ ತಗತೆ ಸೊಪ್ಪು, ಬಿದಿರಿನ ಕಳಲೆ. ಕೆಸುವಿನ ತುರಿಕೆಗೆ ಅದರಲ್ಲಿರುವ ಆಕ್ಸಲೇಟಿನ ಸೂಜಿಯಂಥ ಹರಳುಗಳು ಕಾರಣ. ಪತ್ರೊಡೆಗೆ ಹುಣಿಸೆಹುಳಿ ಬೀಳುವುದು ರುಚಿಗಷ್ಟೇ ಅಲ್ಲ. ಕಳಲೆಯಲ್ಲಿ ಸಯನೈಡ್ ಬಿಡುಗಡೆ ಮಾಡುವ ವಸ್ತುವಿದೆ. ಹೆಚ್ಚಿ, ದಿನಗಟ್ಟಲೆ ನೀರು ಬದಲಾಯಿಸುತ್ತ ನೆನೆಸಿ, ಬೇಯಿಸಿದ ಮೇಲೆಯೇ ಅದು ಆಹಾರವಾಗುತ್ತದೆ. ಈ ರಸಾಯನಶಾಸ್ತ್ರವನ್ನು ನಮ್ಮ ಅಜ್ಜಿಯರು ಪುಸ್ತಕದಲ್ಲಿ ಓದಿದವರಲ್ಲ.

ಗಡಿಗೆಯ ಆ ಒಂದು ಹಿಡಿ

ಈಗ ಬೀಜದ ಮಾತು. ಸಾಲಿನ ಅತ್ಯುತ್ತಮ ಕಾಯನ್ನು ಅಡುಗೆಗೆ ಕೊಯ್ಯದೆ ಬಳ್ಳಿಯಲ್ಲೇ ಬಲಿಯಲು ಬಿಡುವುದು, ಒಣಗಿದ ಹೀರೆಯನ್ನು ಒಲೆಯ ಮೇಲಿನ ಹೊಗೆಗೆ ತೂಗುಹಾಕುವುದು, ಸೌತೆಬೀಜವನ್ನು ಬೂದಿಯಲ್ಲಿ ಹೊರಳಿಸಿ ಇಡುವುದು ಹಳೆಯ ಪದ್ಧತಿ. ಬೂದಿ ತೇವ ಹೀರುತ್ತದೆ, ಹೊಗೆ ಹುಳುವನ್ನು ದೂರವಿಡುತ್ತದೆ. ವರ್ಷವರ್ಷವೂ ಆ ಮಳೆಯಲ್ಲಿ ಬದುಕಿದ ಗಿಡದ ಬೀಜವನ್ನೇ ಆಯ್ದಾಗ ಆ ಊರಿನ ಮಳೆಗೆ ಒಗ್ಗಿದ ತಳಿ ತಾನಾಗಿ ರೂಪುಗೊಳ್ಳುತ್ತದೆ. ಅಂಗಡಿಯ ಹೈಬ್ರಿಡ್ ಪೊಟ್ಟಣ ಒಳ್ಳೆಯ ಫಸಲನ್ನು ಕೊಟ್ಟೀತು. ಆದರೆ ಅದರ ಬೀಜವನ್ನು ಮರುವರ್ಷ ಬಿತ್ತಿದರೆ ಗುಣಗಳು ಚದುರಿಹೋಗುತ್ತವೆ. ಅಲ್ಲಿಗೆ ಆಯ್ಕೆಯ ಸರಪಣಿ ತುಂಡಾಗುತ್ತದೆ. ಶಿರಸಿಯಲ್ಲಿ 2001ರಲ್ಲಿ ಹುಟ್ಟಿದ ‘ವನಸ್ತ್ರೀ’ ಎಂಬ ಮಹಿಳೆಯರ ಬಳಗ ಈ ಸರಪಣಿಯನ್ನು ಉಳಿಸುವ ಕೆಲಸಕ್ಕೇ ತೊಡಗಿತು.

ಇಷ್ಟೆಲ್ಲ ಹೇಳಲು ಕಾರಣ, ಮಳೆಯೇ ಈಗ ಮಾತು ತಪ್ಪುತ್ತಿದೆ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದವು. 2019ರ ಆಗಸ್ಟಿನಲ್ಲಿ ಮಲೆನಾಡು, ಕರಾವಳಿಗಳಲ್ಲಿ ನೆರೆ ಬಂತು. 2023ರ ಆಗಸ್ಟ್ ತಿಂಗಳು 1901ರಿಂದೀಚೆಗೆ ದೇಶದಲ್ಲಿ ಅತಿ ಕಡಿಮೆ ಮಳೆಯಾದ ಆಗಸ್ಟ್ ಎನಿಸಿತು, ಆ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಪಂಚಾಂಗದ ನಕ್ಷತ್ರಗಳು ಋತುವಿನಿಂದ ಜಾರುತ್ತಿರುವುದು ನಿಜ. ಆದರೆ ಆ ಜಾರಿಕೆ ಸುಮಾರು 72 ವರ್ಷಕ್ಕೆ ಒಂದು ದಿನ ಮಾತ್ರ. ಇಂದಿನ ಏರುಪೇರನ್ನು ಅದರ ತಲೆಗೆ ಕಟ್ಟುವಂತಿಲ್ಲ.

ಹಾಗಾದರೆ ಹಿತ್ತಲಿನ ಜ್ಞಾನವೂ ಹಳತಾಯಿತೇ? ದಿನಾಂಕಗಳ ಮಟ್ಟಿಗೆ ಹೌದೆನ್ನಬಹುದು. ಆದರೆ ಅದರ ನಿಜವಾದ ಬಲ ದಿನಾಂಕದಲ್ಲಿ ಇರಲಿಲ್ಲ. ಎಲ್ಲವನ್ನೂ ಒಂದೇ ಮಳೆಗೆ, ಒಂದೇ ಬೆಳೆಗೆ, ಒಂದೇ ಬಿತ್ತನೆಗೆ ಒಡ್ಡದಿರುವುದರಲ್ಲಿತ್ತು. ಬೆಂಡೆ ಸತ್ತರೆ ಹೀರೆ, ಹೀರೆ ಹೋದರೆ ಕೆಸು, ಅದೂ ಸಾಲದಿದ್ದರೆ ಜಂತಿಯ ಸೌತೆ. ಮಳೆ ಯಾವಾಗ ಬರುತ್ತದೆಂದು ಗೊತ್ತಿರದ ಕಾಲಕ್ಕೆ ಇದಕ್ಕಿಂತ ಹೊಂದುವ ಉಪಾಯ ಬೇರೆಯಿರಲಾರದು. ಆದರೆ ಆ ಉಪಾಯ ನಡೆಯುವುದು ಗಡಿಗೆಯಲ್ಲಿ ಒಂದು ಹಿಡಿ ಬೀಜ ಉಳಿದಿದ್ದರೆ ಮಾತ್ರ. ಯಾವ ಬೀಜವನ್ನು, ಯಾವ ಕಾಯಿಯಿಂದ, ಎಂದು ತೆಗೆದಿಡಬೇಕೆಂಬುದನ್ನು ಬಲ್ಲ ಹಿರಿಯ ಹೆಂಗಸರು ಇನ್ನೂ ಅನೇಕ ಮನೆಗಳಲ್ಲಿದ್ದಾರೆ. ಅವರನ್ನು ಕೇಳಿ ತಿಳಿಯಲು ಮುಂದಿನ ಮಳೆಗಾಲದವರೆಗೆ ಕಾಯಬೇಕಾಗಿಲ್ಲ.