ಚೌಕಾಸಿಗೂ ಒಂದು ಲೆಕ್ಕ ಇದೆ: ಪೇಟೆ ಬೀದಿಗೆ ಹೊರಡುವ ಮುಂಚೆ

ಮೂರನೇ ಸೆಮಿಸ್ಟರಿನ ಮಿನಿ ಪ್ರಾಜೆಕ್ಟ್ ಡೆಮೊ ದಿನ. ನಮ್ಮ ಲೈನ್ ಫಾಲೋವರ್ ರೋಬೋಟ್ ಹಿಂದಿನ ರಾತ್ರಿ ಹಾಸ್ಟೆಲ್ ಕಾರಿಡಾರಿನಲ್ಲಿ ಚೆನ್ನಾಗೇ ಓಡಿತ್ತು. ಮೇಡಂ ಬಂದು ಎದುರು ನಿಂತ ತಕ್ಷಣ ಎರಡಡಿ ಹೋಗಿ ನಿಂತುಬಿಟ್ಟಿತು. ಕೋಡ್ ನೋಡಿದೆವು, ವೈರ್ ಅಲ್ಲಾಡಿಸಿದೆವು, ಏನೂ ಪ್ರಯೋಜನ ಆಗಲಿಲ್ಲ. ಕೊನೆಗೆ ಗೊತ್ತಾಯಿತು, ಬ್ಯಾಟರಿ ಖಾಲಿ. ರಾತ್ರಿಯೆಲ್ಲ ಚಾರ್ಜ್ ಮಾಡಿದ್ದ ಬ್ಯಾಟರಿ! ಸೆಲ್ ಮೇಲೆ ದಪ್ಪಕ್ಷರದಲ್ಲಿ '9900 ಎಂಎಎಚ್' ಅಂತ ಬರೆದಿತ್ತು. ಬೆಂಗಳೂರಿನ ಪೇಟೆ ಬೀದಿಯಲ್ಲಿ ಒಂದಕ್ಕೆ 120 ರೂಪಾಯಿ ಹೇಳಿದ್ದನ್ನು ನಾನು 60ಕ್ಕೆ ಇಳಿಸಿ, ದೊಡ್ಡ ಸಾಧನೆ ಮಾಡಿದವನ ಹಾಗೆ ತಂದಿದ್ದೆ.

ಅದೇ ದಿನ ಕೆ.ಆರ್. ಮಾರ್ಕೆಟ್ಟಿನಲ್ಲಿ ನಮ್ಮ ಸಂಘದ ರಾಜ್ಯೋತ್ಸವದ ವೇದಿಕೆಗೆ ಹೂವೂ ತಂದಿದ್ದೆವು. ಅಲ್ಲಿ ಒಬ್ಬ ಅಜ್ಜಿಯ ಹತ್ತಿರ ಕಾಲು ಗಂಟೆ ಜಗ್ಗಾಡಿ ಇಪ್ಪತ್ತು ರೂಪಾಯಿ ಉಳಿಸಿದ್ದೆ. ಹೂವು ತಾಜಾ ಇತ್ತು, ತೂಕ ಸರಿ ಇತ್ತು, ಬೆಲೆಯೂ ನ್ಯಾಯವಾಗಿಯೇ ಇತ್ತು. ಮೋಸ ಹೋದ ಕಡೆ ಖುಷಿಪಟ್ಟಿದ್ದೆ, ಮೋಸವೇ ಇಲ್ಲದ ಕಡೆ ಜಗಳ ಆಡಿದ್ದೆ.

ಆಮೇಲೆ ಎರಡು ವರ್ಷ ಪ್ರಾಜೆಕ್ಟು, ಫೆಸ್ಟು ಅಂತ ಪೇಟೆಗೆ ಸುಮಾರು ಸಲ ಹೋಗಿದ್ದೇನೆ. ಅಲ್ಲಿ ಕಲಿತಿದ್ದು ಒಂದೇ: ಬೆಲೆ ಇಳಿಸಿ ಅನ್ನೋ ಮುಂಚೆ ಆ ಬೆಲೆಯೊಳಗೆ ಏನೇನು ಸೇರಿದೆ ಅಂತ ತಿಳ್ಕೋಬೇಕು. ಬೀದಿಯಿಂದ ಬೀದಿಗೆ ಆ ಲೆಕ್ಕ ಬದಲಾಗುತ್ತೆ. ಮೊದಲ ವರ್ಷದ ಗೆಳೆಯರಿಗೆ ಉಪಯೋಗ ಆಗಲಿ ಅಂತ ಇದನ್ನು ಬರೀತಿದ್ದೀನಿ.

ಹೆಸರಲ್ಲೇ ಇದೆ ವ್ಯಾಪಾರ

1537ರಲ್ಲಿ ಕೆಂಪೇಗೌಡರು ಕಟ್ಟಿಸಿದ ಊರು ಅಂದರೆ ಈ ಪೇಟೆಯೇ. ಅಕ್ಕಿಪೇಟೆ, ಅರಳೆಪೇಟೆ, ಬಳೇಪೇಟೆ, ಗಾಣಿಗರಪೇಟೆ, ಕುಂಬಾರಪೇಟೆ, ತರಗುಪೇಟೆ: ಹೆಸರು ಕೇಳಿದರೆ ಸಾಕು, ಅಲ್ಲಿ ಯಾವ ಕಸುಬು, ಯಾವ ಸರಕು ಇತ್ತು ಅಂತ ಗೊತ್ತಾಗುತ್ತೆ. ಈಗಿನ ಅವೆನ್ಯೂ ರಸ್ತೆಯೇ ಅವತ್ತಿನ ದೊಡ್ಡಪೇಟೆ. ಅದನ್ನು ಅಡ್ಡಕ್ಕೆ ಹಾಯುವ ಬೀದಿ ಚಿಕ್ಕಪೇಟೆ.

ಒಂದೇ ಸರಕಿನ ಅಂಗಡಿಗಳು ಹೀಗೆ ಸಾಲಾಗಿ ಕೂತಿದ್ದರೆ ಗಿರಾಕಿಗೇ ಲಾಭ. ಒಂದು ಅಂಗಡಿಯಲ್ಲಿ ಹೇಳಿದ ಬೆಲೆಯನ್ನು ಹತ್ತು ಹೆಜ್ಜೆ ಆಚೆ ಸರಿನೋಡಬಹುದು. ಅದಕ್ಕೇ ಪೇಟೆಯ ಮೊದಲ ನಿಯಮ: ಮೊದಲ ಅಂಗಡಿಯಲ್ಲೇ ಕೊಳ್ಳಬೇಡಿ, ಮೂರು ಕಡೆ ಕೇಳಿ. ಮೂರೂ ಕಡೆ ಹೆಚ್ಚುಕಮ್ಮಿ ಒಂದೇ ಬೆಲೆ ಬಂದರೆ ಅದೇ ನಿಜವಾದ ಬೆಲೆ, ಅಲ್ಲಿ ಜಗ್ಗಾಡಿದರೆ ಹೆಚ್ಚೇನೂ ಗಿಟ್ಟಲ್ಲ. ಮೂರೂ ಕಡೆ ಬೇರೆ ಬೇರೆ ಬಂದರೆ ಬಾಯಿ ಬಿಡಿ.

ಎಸ್.ಪಿ. ರಸ್ತೆ: ಬಿಲ್ ಕೇಳೋದೇ ಚೌಕಾಸಿ

ಸಾದರ ಪತ್ರಪ್ಪ ರಸ್ತೆ ಅಂದರೆ ಎಷ್ಟೋ ಜನಕ್ಕೆ ಗೊತ್ತಾಗಲ್ಲ. ಎಸ್.ಪಿ. ರೋಡ್ ಅಂದರೆ ಇಡೀ ಇಂಜಿನಿಯರಿಂಗ್ ಬಳಗಕ್ಕೆ ಗೊತ್ತು. ರೆಸಿಸ್ಟರ್, ಸೆನ್ಸರ್, ಮೋಟರ್, ಹಳೇ ಲ್ಯಾಪ್‌ಟಾಪ್ ಸ್ಕ್ರೀನು, ಎಲ್ಲ ಇಲ್ಲಿ. ಪಂಪು, ಹಾರ್ಡ್‌ವೇರು, ಮೆಷಿನ್ ಸಾಮಾನು ಬೇಕಾದ ಮೆಕ್ಯಾನಿಕಲ್ ಗೆಳೆಯರು ಪಕ್ಕದ ಎಸ್.ಜೆ.ಪಿ. ರಸ್ತೆಗೆ ಹೋಗಿ.

ಇಲ್ಲಿ ಸಣ್ಣ ಸಾಮಾನಿನ ಬೆಲೆ ಹೆಚ್ಚು ಇಳಿಯಲ್ಲ. ಅದರ ಬದಲು ಬಿಲ್ ಕೇಳಿ, 'ಕೆಟ್ಟಿದ್ರೆ ಬದಲಾಯಿಸಿ ಕೊಡ್ತೀರಾ ಅಣ್ಣ?' ಅಂತ ಕೇಳಿ, ಅಲ್ಲೇ ಹಾಕಿ ತೋರಿಸೋಕೆ ಹೇಳಿ. ಹತ್ತು ರೂಪಾಯಿ ಕಡಿಮೆಗೆ ಸಿಗುವ ಸೆನ್ಸರಿಗಿಂತ ಇದು ದೊಡ್ಡ ಲಾಭ.

'ಒರಿಜಿನಲ್ಲಾ, ಡೂಪ್ಲಿಕೇಟಾ?' ಅನ್ನೋ ಪ್ರಶ್ನೆಗೂ ನೇರ ಉತ್ತರ ಇಲ್ಲ. ಆರ್ಡುಯಿನೋ ಊನೋ ಬೋರ್ಡನ್ನೇ ತಗೊಳ್ಳಿ. ಅದರ ವಿನ್ಯಾಸ ಎಲ್ಲರಿಗೂ ಮುಕ್ತ, ಹಾಗಾಗಿ ಬೇರೆಯವರು ಅದೇ ಥರದ ಬೋರ್ಡ್ ಮಾಡಿದರೆ ಅದು ಕಳ್ಳ ಮಾಲಲ್ಲ. ಅಗ್ಗದ ಬೋರ್ಡುಗಳಲ್ಲಿ ಯುಎಸ್‌ಬಿಗೆ ಸಾಮಾನ್ಯವಾಗಿ ಸಿಎಚ್340 ಅನ್ನೋ ಚಿಪ್ ಇರುತ್ತೆ. ಅದಕ್ಕೆ ಡ್ರೈವರ್ ಹಾಕಿಕೊಂಡರೆ ಕಲಿಯೋಕೆ ಧಾರಾಳ ಸಾಕು. ಅದನ್ನೇ 'ಒರಿಜಿನಲ್' ಅಂತ ಒರಿಜಿನಲ್ ಬೆಲೆಗೆ ಮಾರಿದರೆ ಮಾತ್ರ ಅದು ಮೋಸ.

ನನ್ನ ಬ್ಯಾಟರಿ ಕಥೆಗೆ ಬರೋಣ. 18650 ಅಂದರೆ 18 ಮಿ.ಮೀ. ವ್ಯಾಸ, 65 ಮಿ.ಮೀ. ಉದ್ದದ ಲಿಥಿಯಂ ಸೆಲ್. ಆ ಗಾತ್ರದಲ್ಲಿ ಒಳ್ಳೆಯ ಕಂಪನಿಯ ಸೆಲ್ ಕೂಡ ಸುಮಾರು 3500 ಎಂಎಎಚ್ ಮುಟ್ಟಿದರೆ ಹೆಚ್ಚು. 9900 ಅಂತ ಬರೆದಿದ್ದರೆ ಕಣ್ಣುಮುಚ್ಚಿ ಸುಳ್ಳು ಅನ್ನಬಹುದು. ಮಲ್ಟಿಮೀಟರ್ ಹಿಡಿದರೂ ಇದು ಸಿಕ್ಕಿಬೀಳಲ್ಲ, ಲೋಡ್ ಇಲ್ಲದಾಗ ಅದೂ ಪೂರ್ತಿ ವೋಲ್ಟೇಜನ್ನೇ ತೋರಿಸುತ್ತೆ. ಮೋಟರ್ ತಿರುಗಿದಾಗಲೇ ಬಣ್ಣ ಬಯಲಾಗೋದು. ಕೈಯಲ್ಲಿ ಹಿಡಿದು ತೂಕ ನೋಡಿ: ಒಳ್ಳೆಯ ಸೆಲ್ ಸುಮಾರು 45 ಗ್ರಾಂ ಇರುತ್ತೆ. ತೀರಾ ಹಗುರ ಅನಿಸಿದರೆ ಅಲ್ಲೇ ಇಟ್ಟು ಬನ್ನಿ. ಅರ್ಧಕ್ಕರ್ಧ ಬೆಲೆ ಇಳಿದಾಗ ಖುಷಿಪಡೋ ಬದಲು ಯಾಕೆ ಇಳಿಯಿತು ಅಂತ ಯೋಚಿಸಬೇಕಿತ್ತು, ನಾನು ಯೋಚಿಸಲಿಲ್ಲ.

ಸಂಡೇ ಬಜಾರ್: ಕೊಂಡ ಮೇಲೆ ಮುಗೀತು

ಭಾನುವಾರ ಎಸ್.ಪಿ. ರಸ್ತೆಯ ಹೆಚ್ಚಿನ ಅಂಗಡಿಗಳಿಗೆ ಬಾಗಿಲು. ಅವತ್ತು ಹತ್ತಿರದ ಬೀದಿಗಳಲ್ಲೇ ಸಂಡೇ ಬಜಾರ್ ನಡೆಯುತ್ತೆ. ಹಳೇ ಸ್ಪ್ಯಾನರು, ಕ್ಯಾಮೆರಾ, ಶೂ, ಗಡಿಯಾರ, ಕೆಟ್ಟ ಡ್ರಿಲ್ ಮೆಷಿನ್ನು, ಗುಜರಿಯಿಂದ ಬಂದಿದ್ದೆಲ್ಲ ನೆಲದ ಮೇಲೆ ಹರಡಿರುತ್ತೆ. ಇಲ್ಲಿ ಬಿಲ್ ಇಲ್ಲ, ವಾಪಸ್ ಇಲ್ಲ, ಮುಂದಿನ ವಾರ ಅದೇ ಮನುಷ್ಯ ಅದೇ ಜಾಗದಲ್ಲಿ ಸಿಗ್ತಾನೆ ಅನ್ನೋ ಖಾತ್ರಿಯೂ ಇಲ್ಲ. ಈ ಅಪಾಯ ಪೂರ್ತಿ ನಿಮ್ಮ ತಲೆ ಮೇಲೆ, ಹಾಗಾಗಿ ಧಾರಾಳವಾಗಿ ಚೌಕಾಸಿ ಮಾಡಿ.

ಸುತ್ತಿಗೆ, ಇಕ್ಕಳ, ಸ್ಪ್ಯಾನರಿನಂಥ ಕಬ್ಬಿಣದ ಸಾಮಾನು ಕಣ್ಣಿಗೇ ಕಾಣುತ್ತೆ, ಧೈರ್ಯವಾಗಿ ತಗೊಳ್ಳಿ. ಕರೆಂಟಿನಲ್ಲಿ ನಡೆಯೋದನ್ನು ನಡೆಸಿ ತೋರಿಸದೇ ಹೋದರೆ ಬಿಡಿ. ಮೊಬೈಲ್ ಫೋನನ್ನಂತೂ ಇಲ್ಲಿ ಕೊಳ್ಳಲೇಬೇಡಿ. ಅದು ಯಾರದೋ ಕಳುವಾದ ಫೋನ್ ಆಗಿದ್ದರೆ ಪೊಲೀಸ್ ಸ್ಟೇಷನ್ನಿನಲ್ಲಿ ಉತ್ತರ ಹೇಳಬೇಕಾದವರು ನೀವು.

ಅವೆನ್ಯೂ ರಸ್ತೆ: ಸ್ಕೀಮ್ ನೋಡಿ, ಆಮೇಲೆ ಬೆಲೆ

ಮೈಸೂರು ಬ್ಯಾಂಕ್ ಸರ್ಕಲ್ಲಿನಿಂದ ಕೆ.ಆರ್. ಮಾರ್ಕೆಟ್ ಕಡೆಗೆ ನಡೆದರೆ ಇಡೀ ಅವೆನ್ಯೂ ರಸ್ತೆ ಸಿಗುತ್ತೆ. ಹಳೇ ಪುಸ್ತಕಕ್ಕೆ ತಲೆಮಾರುಗಳಿಂದ ವಿದ್ಯಾರ್ಥಿಗಳು ಬರುವ ಜಾಗ ಇದು. ಹಳೇ ಪುಸ್ತಕದ ಬೆಲೆ ಅದರ ವಯಸ್ಸಿನ ಮೇಲೆ ನಿಂತಿಲ್ಲ, ಅದಕ್ಕೆ ಇನ್ನೂ ಗಿರಾಕಿ ಇದ್ದಾರಾ ಅನ್ನೋದರ ಮೇಲೆ ನಿಂತಿದೆ. ವಿಟಿಯು 2018, 2021, 2022 ಅಂತ ಸ್ಕೀಮ್ ಬದಲಿಸಿದಾಗೆಲ್ಲ ಒಂದಷ್ಟು ಪುಸ್ತಕಗಳ ಬೆಲೆ ಬಿದ್ದುಹೋಗುತ್ತೆ. ಸ್ಕೀಮಿಗೆ ಅಂತಲೇ ಬರೆದ ಪುಸ್ತಕ ಹಳೇದಾಗಿದ್ದರೆ ಎಷ್ಟು ಅಗ್ಗ ಕೊಟ್ಟರೂ ದಂಡ. ಗಣಿತ, ಸಿಗ್ನಲ್ಸ್, ಥರ್ಮೋ ಥರದ ಮೂಲ ವಿಷಯಗಳಿಗೆ ಒಂದು ಎಡಿಷನ್ ಹಿಂದಿನದಾದರೂ ಏನೂ ನಷ್ಟವಿಲ್ಲ. ಅಲ್ಲೇ ಚೌಕಾಸಿ ಮಾಡಿ.

ಕೊಳ್ಳುವ ಮುಂಚೆ ಮಧ್ಯದ ಪುಟ ತಿರುವಿ ನೋಡಿ. ಚಿತ್ರಗಳು ಮಸುಕಾಗಿ, ಕಾಗದ ತೀರಾ ತೆಳ್ಳಗಿದ್ದರೆ ಅದು ಜೆರಾಕ್ಸ್ ಪ್ರತಿ ಇರಬಹುದು. ಸೆಮಿಸ್ಟರ್ ಮುಗಿದ ಮೇಲೆ ವಾಪಸ್ ತಗೋತೀರಾ, ಎಷ್ಟಕ್ಕೆ ಅಂತ ಮೊದಲೇ ಕೇಳಿಟ್ಟುಕೊಳ್ಳಿ. ಕೊಟ್ಟ ದುಡ್ಡಿನಲ್ಲಿ ವಾಪಸ್ ಬರೋದನ್ನು ಕಳೆದರೆ ಉಳಿಯೋದೇ ಆ ಪುಸ್ತಕದ ನಿಜವಾದ ಬೆಲೆ.

ಕೆ.ಆರ್. ಮಾರ್ಕೆಟ್: ಗಡಿಯಾರ ನೋಡಿ ಬೆಲೆ

1905ರ ಆಗಸ್ಟ್ 5ರಂದು ಬೆಂಗಳೂರಿನ ಮೊದಲ ವಿದ್ಯುತ್ ಬೀದಿದೀಪ ಬೆಳಗಿದ್ದು ಇಲ್ಲೇ, ಶಿವನಸಮುದ್ರದಿಂದ ಬಂದ ಕರೆಂಟಿನಲ್ಲಿ. ಮಾರುಕಟ್ಟೆಯ ಕಟ್ಟಡ ಬಂದದ್ದು 1928ರಲ್ಲಿ. ಅದಕ್ಕೆ ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರಿಟ್ಟರು. ಎಲೆಕ್ಟ್ರಿಕಲ್ ವಿಭಾಗದವರು ಒಮ್ಮೆ ನಿಂತು ನೋಡಲೇಬೇಕಾದ ಜಾಗ.

ಹೂವಿನ ಸಗಟು ವ್ಯಾಪಾರ ಬೆಳಗಿನ ಜಾವವೇ ಶುರು. ಚೆಂಡು ಹೂವು, ಸೇವಂತಿಗೆ ಕೆಜಿ ಲೆಕ್ಕ. ಕಟ್ಟಿದ ಮಲ್ಲಿಗೆ, ಕನಕಾಂಬರ ಮೊಳದ ಲೆಕ್ಕ, ಮಾರಿನ ಲೆಕ್ಕ. ಮೊಳ ಅಂದರೆ ಮೊಣಕೈಯಿಂದ ನಡುಬೆರಳ ತುದಿವರೆಗೆ. ನಾಲ್ಕು ಮೊಳಕ್ಕೆ ಒಂದು ಮಾರು. ಯಾರ ಮೊಳ? ಮಾರುವವರದ್ದು! ಎಸ್‌ಐ ಯೂನಿಟ್ ಓದಿದ ನಮಗೆ ಇದು ಸ್ವಲ್ಪ ಕಷ್ಟವೇ.

ಹೂವು, ಸೊಪ್ಪು ನಾಳೆಗೆ ಉಳಿಯಲ್ಲ. ಬೆಳಗ್ಗೆ ಅದಕ್ಕೆ ಪೂರ್ತಿ ಬೆಲೆ, ಸಂಜೆಗೆ ಇಳಿಯುತ್ತೆ, ರಾತ್ರಿ ಉಳಿದರೆ ಸೊನ್ನೆ. ಹಬ್ಬದ ಹಿಂದಿನ ದಿನ ಈ ಲೆಕ್ಕ ತಲೆಕೆಳಗು, ವರಮಹಾಲಕ್ಷ್ಮಿ ಹಬ್ಬದ ಮುನ್ನಾದಿನ ಹೋಗಿ 'ಯಾಕಿಷ್ಟು ರೇಟು?' ಅಂದರೆ ನಗ್ತಾರೆ ಅಷ್ಟೆ. ಕಡಿಮೆಗೆ ಬೇಕಾದರೆ ಬಾಯಿಗಿಂತ ಗಡಿಯಾರ ನಂಬಿ. ಬೆಳಗ್ಗೆ ಮೊದಲ ವ್ಯಾಪಾರ ಅಂದರೆ ಬೋಣಿ. ಬೋಣಿ ಹೊತ್ತಲ್ಲಿ ಬೆಲೆ ಇಳಿಸಿಕೊಂಡು ಕೊಳ್ಳದೇ ಹೋದರೆ ಅವರಿಗೆ ನಿಜಕ್ಕೂ ಬೇಜಾರಾಗುತ್ತೆ. ಕೊಳ್ಳುವ ಮನಸ್ಸಿದ್ದರೆ ಮಾತ್ರ ಬೆಲೆ ಕೇಳಿ.

ಅಜ್ಜಿಯ ಇಪ್ಪತ್ತು ರೂಪಾಯಿ

ಬೀದಿಬದಿಯಲ್ಲಿ ಕೂತು ಮಾರುವ ಎಷ್ಟೋ ಜನ ಬೆಳಗ್ಗೆ ಸಾಲದ ದುಡ್ಡಿನಲ್ಲಿ ಮಾಲು ತರ್ತಾರೆ. ಮೀಟರ್ ಬಡ್ಡಿ ಅಂತ ಕೇಳಿರಬಹುದು. ಬೆಳಗ್ಗೆ ಕೈಗೆ 900 ಕೊಡ್ತಾರೆ, ಸಂಜೆ 1000 ವಾಪಸ್ ಕೊಡಬೇಕು. ಒಂದೇ ದಿನಕ್ಕೆ 11 ಪರ್ಸೆಂಟಿಗೂ ಹೆಚ್ಚು!

ಒಂದು ಲೆಕ್ಕ ಹಾಕೋಣ. 900 ರೂಪಾಯಿಯ ಹೂವು ಪೂರ್ತಿ ಮಾರಿ 1400 ಬಂತು ಅಂತ ಇಟ್ಕೊಳ್ಳಿ. ಸಾಲದವನಿಗೆ 1000 ಹೋಯಿತು. ಆಟೋ, ಕೂಲಿ, ಕವರು, ಟೀ ಅಂತ ಇನ್ನೊಂದು 100. ಉಳಿದದ್ದು 300. ಹತ್ತು ಜನ ಬಂದು ತಲಾ ಹತ್ತು ರೂಪಾಯಿ ಇಳಿಸಿದರೆ ದಿನದ ದುಡಿಮೆಯಲ್ಲಿ ಮೂರನೇ ಒಂದು ಭಾಗ ಹೋಯಿತು. ನಾನೊಬ್ಬನೇ ಇಪ್ಪತ್ತು ಇಳಿಸಿದ್ದೆ.

ಈ ಸಾಲದ ಸುಳಿ ತಪ್ಪಿಸೋಕೆ 2018ರಲ್ಲಿ ರಾಜ್ಯ ಸರ್ಕಾರ 'ಬಡವರ ಬಂಧು' ಅಂತ 10,000 ರೂಪಾಯಿವರೆಗೆ ಬಡ್ಡಿಯಿಲ್ಲದ ಸಾಲದ ಯೋಜನೆ ತಂದಿತು. 2020ರಲ್ಲಿ ಕೇಂದ್ರದ 'ಪಿಎಂ ಸ್ವನಿಧಿ' ಬಂತು. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ, ಸಮೀಕ್ಷೆ ಮುಗಿಸಿ ಪ್ರಮಾಣಪತ್ರ ಕೊಡುವವರೆಗೆ ಇರುವ ವ್ಯಾಪಾರಿಗಳನ್ನು ಎಬ್ಬಿಸುವಂತಿಲ್ಲ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ 40 ಪರ್ಸೆಂಟ್ ಜಾಗ ವ್ಯಾಪಾರಿಗಳ ಪ್ರತಿನಿಧಿಗಳಿಗೇ. ಫುಟ್‌ಪಾತ್ ಮೇಲೆ ಕೂತವರೆಲ್ಲ ಕಾನೂನು ಮುರಿದವರು ಅಂತ ನಾನೂ ಅಂದುಕೊಂಡಿದ್ದೆ, ಅದು ತಪ್ಪು.

ಹಾಗಂತ ಬೀದಿಯಲ್ಲಿ ಚೌಕಾಸಿಯೇ ಮಾಡಬಾರದು ಅಂತ ಹೇಳ್ತಿಲ್ಲ. ಹೊಸ ಮುಖ ಕಂಡರೆ ಎರಡರಷ್ಟು ಹೇಳುವವರೂ ಇದ್ದಾರೆ, ಅದಕ್ಕೇ ಮೂರು ಕಡೆ ಕೇಳೋದು. ಬೆಲೆ ಸರಿಯಾಗಿದೆ ಅಂತ ಗೊತ್ತಾದ ಮೇಲೆ ದುಡ್ಡು ಇಳಿಸೋ ಬದಲು ಕೊಸರು ಕೇಳಿ. 'ಸ್ವಲ್ಪ ಕೊಸರು ಹಾಕಮ್ಮ' ಅಂದರೆ ಒಂದು ಹಿಡಿ ಹೂವು ಬರುತ್ತೆ, ಸೊಪ್ಪು ಕೊಂಡಿದ್ದರೆ ಒಂದೆಸಳು ಕರಿಬೇವು ಬರುತ್ತೆ. ಆ ಒಂದು ಹಿಡಿಗೆ ಅವರು ಕೊಟ್ಟಿದ್ದು ಸಗಟು ಬೆಲೆ, ನಾವು ಬೇರೆ ಕಡೆ ಕೊಡಬೇಕಾಗಿದ್ದು ಚಿಲ್ಲರೆ ಬೆಲೆ. ಅವರಿಗೆ ಹೋಗೋದು ಕಡಿಮೆ, ನಮಗೆ ಸಿಗೋದು ಜಾಸ್ತಿ. ನಮ್ಮ ಅಜ್ಜಿಯರಿಗೆ ಈ ಆಪ್ಟಿಮೈಸೇಷನ್ ಮೊದಲೇ ಗೊತ್ತಿತ್ತು.

ಹೊರಡುವಾಗ

ಹಸಿರು ಮಾರ್ಗದ ಮೆಟ್ರೋದಲ್ಲಿ ಚಿಕ್ಕಪೇಟೆ ಅಥವಾ ಕೃಷ್ಣರಾಜೇಂದ್ರ ಮಾರುಕಟ್ಟೆ ನಿಲ್ದಾಣದಲ್ಲಿ ಇಳಿಯಿರಿ, ಉಳಿದಿದ್ದೆಲ್ಲ ನಡೆದೇ ಮುಗಿಯುತ್ತೆ. ಬೈಕ್ ತರಬೇಡಿ, ನಿಲ್ಲಿಸೋಕೆ ಜಾಗ ಹುಡುಕೋದರಲ್ಲೇ ಅರ್ಧ ದಿನ ಹೋಗುತ್ತೆ. ಬ್ಯಾಗನ್ನು ಎದೆ ಮುಂದೆ ಹಾಕಿಕೊಳ್ಳಿ. ಯುಪಿಐ ಹೆಚ್ಚು ಕಡೆ ನಡೆಯುತ್ತೆ, ಆದರೂ ಹತ್ತು, ಇಪ್ಪತ್ತರ ನೋಟು ಇರಲಿ. ಬೇಕಾದ ಸಾಮಾನಿನ ಪೂರ್ತಿ ನಂಬರ್ ಚೀಟಿಯಲ್ಲಿ ಬರೆದುಕೊಳ್ಳಿ. 'ಆ ಕಪ್ಪು ಐಸಿ ಇದ್ಯಲ್ಲ ಅಣ್ಣ' ಅಂದರೆ ಯಾರಿಗೂ ಅರ್ಥ ಆಗಲ್ಲ, ಎಲ್ಲ ಐಸಿಯೂ ಕಪ್ಪೇ.

ಈ ಸಲದ ರಾಜ್ಯೋತ್ಸವಕ್ಕೂ ಹೂವು ತರೋಕೆ ನಾನೇ ಹೋಗ್ತೀನಿ. ಆ ಅಜ್ಜಿ ಅಲ್ಲೇ ಇದ್ದರೆ ಅವರ ಹತ್ರಾನೇ ತಗೋತೀನಿ, ಹೇಳಿದ ಬೆಲೆ ಕೊಟ್ಟು ಕೊಸರು ಕೇಳ್ತೀನಿ. ಜೊತೆಗೆ ಬರೋರು ಸಂಘದ ಗ್ರೂಪಿನಲ್ಲಿ ಹೆಸರು ಹಾಕಿ. ಬೆಳಗ್ಗೆ ಬೇಗ ಏಳಬೇಕು, ಅಷ್ಟೇ.