ಗಾರೆ ಕೆಲಸದವನ ರಾಷ್ಟ್ರಗೀತ

ಈಜಿಪ್ಟ್ ದೇಶದ ರಾಷ್ಟ್ರಗೀತಕ್ಕೆ ಸ್ವರವಿತ್ತ ಸಯ್ಯದ್ ದರ್ವೀಶನು ಮೊದಲು ಗಾರೆ ಕೆಲಸದವನಾಗಿದ್ದನೆಂಬುದು ನಮ್ಮ ವಾಚಕರು ಮನನ ಮಾಡತಕ್ಕ ಸಂಗತಿಯಾಗಿದೆ.

1892ರಲ್ಲಿ ಅಲೆಕ್ಸಾಂಡ್ರಿಯಾ ನಗರದ ಬಡ ಕುಟುಂಬದಲ್ಲಿ ಜನಿಸಿದ ಈತನು, ಜೊತೆಯ ಕೂಲಿಗಳಿಗಾಗಿ ಹಾಡುತ್ತಿದ್ದಾಗ ನಾಟಕ ಮಂಡಲಿಯವರ ಕಣ್ಣಿಗೆ ಬಿದ್ದನು. 1917ರಲ್ಲಿ ಕೈರೋ ಸೇರಿ, ಹಮಾಲಿ, ದೋಣಿಗಾರ ಮೊದಲಾದವರ ಆಡುಮಾತನ್ನೇ ರಂಗಭೂಮಿಯ ಗಾನವನ್ನಾಗಿ ಮಾಡಿದನು. 1919ರಲ್ಲಿ ಆಂಗ್ಲರು ಸಾದ್ ಜಗ್ಲೂಲ್ ಪಾಷಾರನ್ನು ಮಾಲ್ಟಾ ದ್ವೀಪಕ್ಕೆ ಗಡೀಪಾರು ಮಾಡಲು, ದೇಶವೇ ಎದ್ದು ನಿಂತಿತು. ದರ್ವೀಶನ ಹಾಡುಗಳು ಬೀದಿಬೀದಿಗಳಲ್ಲಿ ಮೊಳಗಿದುವು. ಮುಸ್ತಫಾ ಕಾಮಿಲರ ಭಾಷಣದಿಂದ ಸ್ಫೂರ್ತಿ ಪಡೆದ ‘ಬಿಲಾದೀ’ ಗೀತಕ್ಕೆ ರಾಗವನ್ನು ಕೂಡಿಸಿದವನೂ ಈತನೇ. 1923ರಲ್ಲಿ, 31ನೆಯ ವಯಸ್ಸಿಗೇ, ಈತನು ಕಾಲವಾದನು.

ಸರ್ಕಾರವು ಆ ಗೀತವನ್ನು ರಾಷ್ಟ್ರಗೀತವೆಂದು ಅಂಗೀಕರಿಸಿದ್ದು 1979ರಲ್ಲಿ. ಜನರು ಎಂದೋ ಒಪ್ಪಿದುದನ್ನು ಅಧಿಕಾರವು ಮನಗಾಣಲು, ಕವಿಗಾಯಕನು ಕಣ್ಮುಚ್ಚಿದ ಮೇಲೆ 56 ವರ್ಷಗಳು ಹಿಡಿದುವು. ದೇಶದ ದನಿಯನ್ನು ಅರಸುವವರು ಕೂಲಿಗಾರನ ಕಂಠಕ್ಕೂ ಕಿವಿಗೊಡಲೆಂಬುದೇ ನಮ್ಮ ಬಿನ್ನಹ.