ಎಂಜಿನ್ನಿಗೆ ಸ್ನಾನ ಯಾಕೆ ಅಂದ್ರೆ...

ದಾವಣಗೆರೆ: ಪಿ.ಬಿ. ರೋಡಿನ ಪಕ್ಕದ ಗ್ಯಾರೇಜೊಂದರಲ್ಲಿ ಮೊನ್ನೆ ಮಧ್ಯಾಹ್ನ ಸಣ್ಣದೊಂದು ಜಗಳ ನಡೀತು. ಒಂದು ಕಡೆ ಕಿರಾಣಿ ಅಂಗಡಿ ಸಾವ್ಕಾರ್ರು, ಇನ್ನೊಂದು ಕಡೆ ಗ್ಯಾರೇಜಿನ ಮೇಸ್ತ್ರಿ. ಇಬ್ಬರ ಮಧ್ಯೆ ಹಳೇ ಟೈರಿನ ಮೇಲೆ ಕೂತಿದ್ದದ್ದು ಮಾರುತಿ ಓಮ್ನಿಯ ಒಂದು ಸೆಕೆಂಡ್ ಹ್ಯಾಂಡ್ ಎಂಜಿನ್ನು. ಮೈತುಂಬ ಕಪ್ಪು ಜಿಡ್ಡು. ಯಾವುದು ಕಬ್ಬಿಣ, ಯಾವುದು ಮಣ್ಣು ಅಂತ ಗೊತ್ತಾಗದ ಸ್ಥಿತಿ.

ಸಾವ್ಕಾರ್ರಿಗೆ ಓಮ್ನಿಯೇ ಕೈಕಾಲು. ಮಂಡಿಯಿಂದ ಅಕ್ಕಿ, ಬೇಳೆ ಮೂಟೆ ತರೋದು ಅದರಲ್ಲೇ, ಮನೆಮನೆಗೆ ಸಾಮಾನು ಮುಟ್ಟಿಸೋದೂ ಅದರಲ್ಲೇ. ಅದರ ಎಂಜಿನ್ನು ಹೊಗೆ ಉಗುಳಿ ಕೂತು ಹದಿನೈದು ದಿನ ಆಗಿತ್ತು. ಕಂಪನಿಯವರು ಓಮ್ನಿ ತಯಾರಿಸೋದನ್ನೇ 2019ರಲ್ಲಿ ನಿಲ್ಲಿಸಿದ್ದಾರೆ. ಹೀಗಾಗಿ ಗುಜರಿಯೇ ಗತಿ ಅಂತ 18 ಸಾವಿರ ಎಣಿಸಿ ಈ ಎಂಜಿನ್ನು ತಂದಿದ್ದರು.

"ಇವತ್ತೇ ಕೂರಿಸಿಬಿಡು ಭಾಯ್. ದಿನಾ ಲಗೇಜ್ ಆಟೋಕ್ಕೆ ಬಾಡಿಗೆ ಕೊಟ್ಟು ಸಾಕಾಗೈತಿ" ಅಂತ ಸಾವ್ಕಾರ್ರು.

"ತೊಳೀದೆ ಕೂರಿಸೋದಿಲ್ರಿ ಸಾವ್ಕಾರ್ರೇ. ಒಂದು ದಿನ ಕೊಡ್ರಿ" ಅಂತ ಮೇಸ್ತ್ರಿ.

"ಅದೇನು ಮದುವೆ ಗಂಡೇನು? ಸೀಟಿನ ಕೆಳಗೆ ಕೂರೋದಕ್ಕೆ ಸ್ನಾನ ಯಾಕೆ?"

ಪ್ರಶ್ನೆ ಸರಿಯಾದದ್ದೇ. ಓಮ್ನಿಯ ಎಂಜಿನ್ನು ಮುಂದಿನ ಸೀಟಿನ ಕೆಳಗೆ ಕೂರುತ್ತದೆ, ಯಾರ ಕಣ್ಣಿಗೂ ಬೀಳೋದಿಲ್ಲ. ಆದರೆ ಮೇಸ್ತ್ರಿ ತೊಳೆಯೋದು ಅಂದಕ್ಕಲ್ಲ. ಜಿಡ್ಡಿನ ಕೆಳಗೆ ಏನಿದೆ ಅಂತ ನೋಡೋದಕ್ಕೆ. ಎಂಜಿನ್ನು ಹೊರಗಿರುವಾಗ ನಾಲ್ಕೂ ಕಡೆ ಕೈ ಆಡುತ್ತದೆ, ಒಳಗೆ ಕೂತ ಮೇಲೆ ಬೆರಳೂ ಹೋಗೋದಿಲ್ಲ. ಎಣ್ಣೆ ಎಲ್ಲಿಂದ ಸೋರುತ್ತೆ, ನೀರು ಎಲ್ಲಿಂದ ಜಿನುಗುತ್ತೆ, ಬಿರುಕು ಎಲ್ಲಿದೆ ಅನ್ನೋದೆಲ್ಲ ಈಗಲೇ ಕಾಣಬೇಕು. ಹಿಂಬದಿಯ ಆಯಿಲ್ ಸೀಲನ್ನು ಈಗ ಹಾಕಿದರೆ ಅರ್ಧ ಗಂಟೆ ಕೆಲಸ. ಕೂರಿಸಿದ ಮೇಲೆ ಸೋರಿದರೆ ಗೇರ್ ಬಾಕ್ಸೇ ಇಳಿಸಬೇಕು.

ಸಾವ್ಕಾರ್ರು ಗೊಣಗುತ್ತಲೇ ಸ್ಟೂಲಿನ ಮೇಲೆ ಕೂತರು. ನಾವೂ ಕೂತೆವು. ಕಂಡದ್ದನ್ನು ಕಂಡ ಹಾಗೆ ಬರೆಯುತ್ತಿದ್ದೇವೆ, ಗಾಡಿ ಇರುವವರು ಓದಿಕೊಳ್ಳಿ.

ಮೊದಲ ಕೆಲಸ ಬಾಯಿ ಮುಚ್ಚೋದು. ಕಾರ್ಬುರೇಟರ್, ಆಲ್ಟರ್ನೇಟರ್, ಸ್ಟಾರ್ಟರ್ ಮೋಟಾರು, ಡಿಸ್ಟ್ರಿಬ್ಯೂಟರ್ ಬಿಚ್ಚಿ ಪಕ್ಕಕ್ಕಿಟ್ಟರು. ಇವಕ್ಕೆ ನೀರು ತಾಗಬಾರದು. ಸ್ಪಾರ್ಕ್ ಪ್ಲಗ್ ಮಾತ್ರ ಬಿಚ್ಚಲಿಲ್ಲ, ಬಿಚ್ಚಿದರೆ ನೀರು ನೇರ ಸಿಲಿಂಡರಿಗೆ. ಗಾಳಿ ಹೋಗುವ ಬಾಯಿ, ಹೊಗೆ ಬರುವ ಬಾಯಿ, ಎಣ್ಣೆ ಕಡ್ಡಿಯ ತೂತು, ನೀರಿನ ಪೈಪಿನ ಬಾಯಿ, ಎಲ್ಲದಕ್ಕೂ ಗಟ್ಟಿ ಬಟ್ಟೆ ತುರುಕಿ ಮೇಲೆ ಟೇಪು ಸುತ್ತಿದರು. ಹತ್ತಿ ವೇಸ್ಟ್ ಬೇಡವಂತೆ, ಅದರ ನೂಲು ಒಳಗೆ ಉಳಿಯುತ್ತೆ. ಎಷ್ಟು ಬಟ್ಟೆ ತುರುಕಿದ್ದು ಅಂತ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿಟ್ಟರು: 9. ಒಂದು ಒಳಗೇ ಮರೆತರೂ ಎಂಜಿನ್ನಿಗೆ ಆಪತ್ತು.

ಆಮೇಲೆ ಮರದ ಚಕ್ಕೆಯಿಂದ ದಪ್ಪ ಜಿಡ್ಡು ಕೆರೆದರು. ಮೇಲಿನ ಹೆಡ್ ಅಲ್ಯೂಮಿನಿಯಂದು, ಕಬ್ಬಿಣದ ಉಳಿಯಿಂದ ಕೆರೆದರೆ ಗೀರು ಬೀಳುತ್ತೆ. ಉಳಿದದ್ದಕ್ಕೆ ಡೀಸೆಲ್ ಹಚ್ಚಿ ಕಾಲು ಗಂಟೆ ನೆನೆಯಲು ಬಿಟ್ಟು ಬ್ರಷ್ಷಿನಿಂದ ಉಜ್ಜಿದರು. ಪೆಟ್ರೋಲ್ ಯಾಕೆ ಬೇಡ ಅಂದರೆ, "ಒಂದು ಕಿಡಿ ಸಾಕು ಪೇಪರ್ನೋರೇ, ಗ್ಯಾರೇಜೂ ಇರಲ್ಲ, ನಾನೂ ಇರಲ್ಲ." ಡೀಸೆಲ್ ಹಚ್ಚುವಾಗಲೂ ಬೀಡಿ ಸೇದುವವರನ್ನು ರಸ್ತೆಗೆ ಅಟ್ಟಿದರು. ಕೆಲವರು ಕಾಸ್ಟಿಕ್ ಸೋಡಾ ಬಳಸುತ್ತಾರೆ. ಅದು ಜಿಡ್ಡಿನ ಜೊತೆ ಅಲ್ಯೂಮಿನಿಯಮ್ಮನ್ನೂ ತಿನ್ನುತ್ತದೆ, ಕೈಯನ್ನೂ ಸುಡುತ್ತದೆ. ಹತ್ತಿರ ತರಬಾರದು.

ಕೊನೆಗೆ ಸೋಪಿನ ನೀರು, ಮೇಲೆ ಸಾದಾ ನೀರು. ಸರ್ವಿಸ್ ಸ್ಟೇಷನ್ನಿನ ಜೋರು ಪೈಪು ಬೇಡ, ಆ ರಭಸಕ್ಕೆ ನೀರು ಸೀಲು ದಾಟಿ ಒಳಗೆ ಹೋಗಬಹುದು. ಕಂಪ್ರೆಸರ್ ಗಾಳಿಯಲ್ಲಿ ಸಂದಿಗೊಂದಿ ಎಲ್ಲ ಊದಿ ಬಿಸಿಲಿಗಿಟ್ಟರು. ಬರಿ ಕಬ್ಬಿಣಕ್ಕೆ ಬೇಗ ತುಕ್ಕು ಹಿಡಿಯೋದರಿಂದ ಅಲ್ಲಿ ತೆಳ್ಳಗೆ ಎಣ್ಣೆ ಸವರಬೇಕು. ಆದರೆ ಕ್ಲಚ್ ಕೂರುವ ಮುಖಕ್ಕೆ ಒಂದು ಹನಿಯೂ ತಾಗಬಾರದು, ತಾಗಿದರೆ ಕ್ಲಚ್ ಜಾರುತ್ತೆ.

ಈಗ ನೋಡಿ ಕತೆ. ಜಿಡ್ಡು ಹೋದ ಮೇಲೆ ಬ್ಲಾಕಿನ ಪಕ್ಕದಲ್ಲಿ ಎರಡು ಬೆರಳಗಲದ ಎಂ-ಸೀಲ್ ತೇಪೆ ಕಂಡಿತು! ಮೇಸ್ತ್ರಿ ಏನೂ ಮಾತಾಡದೆ ಅದನ್ನು ಕೆರೆದು ತೆಗೆದರು. ಆ ಜಾಗಕ್ಕೆ ಸೀಮೆಎಣ್ಣೆ ಸವರಿದರು. ಸ್ವಲ್ಪ ಹೊತ್ತು ಬಿಟ್ಟು ಒಣಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಸೀಮೆಸುಣ್ಣದ ಪುಡಿ ಉಜ್ಜಿದರು. ಬಿರುಕು ಇದ್ದರೆ ಒಳಗೆ ಇಳಿದ ಎಣ್ಣೆ ಪುಡಿಗೆ ಒಸರುತ್ತದೆ. ರೈಲ್ವೆ ಕಾರ್ಖಾನೆಗಳಲ್ಲಿ ಅಚ್ಚಿನ ಬಿರುಕು ಹುಡುಕಲು ಹಿಂದೆ ಬಳಸುತ್ತಿದ್ದ ಉಪಾಯವೇ ಇದು. ಐದು ನಿಮಿಷಕ್ಕೆ ಬಿಳಿ ಪುಡಿಯ ಮೇಲೆ ಕೂದಲೆಳೆಯಂಥ ಕಪ್ಪು ಗೆರೆ ಮೂಡಿತು.

ಸಾವ್ಕಾರ್ರ ಮುಖ ಆ ಪುಡಿಗಿಂತ ಬೆಳ್ಳಗಾಯಿತು.

"ಕೂರಿಸಿದ್ರೆ ಒಂದು ವಾರ ಓಡ್ತಿತ್ತು ಸಾವ್ಕಾರ್ರೇ. ಆಮೇಲೆ ನೀರೆಲ್ಲ ಸೋರಿ ಬಿಸಿಯಾಗಿ ಜಾಮ್" ಅಂದರು ಮೇಸ್ತ್ರಿ.

ಗುಜರಿಯವರ ಚೀಟಿಯಲ್ಲಿ ಬರೆದಿತ್ತು: ಕೂರಿಸುವ ಮುಂಚೆ ಆದರೆ ಮಾತ್ರ ವಾಪಸು. ಅವತ್ತೇ ಸಂಜೆ ಎಂಜಿನ್ನು ಲಗೇಜ್ ಆಟೋ ಹತ್ತಿತು. ಗುಜರಿಯವರು ಮೊದಲು ಕೂಗಾಡಿದರಂತೆ, ಸುಣ್ಣದ ಗೆರೆ ತೋರಿಸಿದ ಮೇಲೆ ಬೇರೆ ಎಂಜಿನ್ನು ಕೊಟ್ಟರಂತೆ. ಅದನ್ನೂ ಮೇಸ್ತ್ರಿ ತೊಳೆದೇ ಕೂರಿಸಿದ್ದಾರೆ. ಈ ಸಲ ಒಂದು ದಿನ ಹೆಚ್ಚಾದರೂ ಸಾವ್ಕಾರ್ರು ಕೇಳಲಿಲ್ಲ.

ಇನ್ನೊಂದು ಮಾತು. ಬ್ಲಾಕಿನ ಮೇಲೆ ಕೊರೆದ ಎಂಜಿನ್ ನಂಬರು ಇರುತ್ತದೆ. ಅದೂ ಜಿಡ್ಡು ತೊಳೆದರೆ ಮಾತ್ರ ಕಾಣೋದು. ಮಾರಿದವರ ಕಾಗದದ ಜೊತೆ ಅದು ತಾಳೆ ಆಗಬೇಕು, ಉಜ್ಜಿ ಅಳಿಸಿದ್ದರೆ ಮುಟ್ಟಬೇಡಿ, ಕಳವಿನ ಮಾಲು ಇರಬಹುದು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಎಂಜಿನ್ನು ಬದಲಾದರೆ ಆರ್‌ಟಿಓ ಆಫೀಸಿಗೆ ತಿಳಿಸಬೇಕು, ಆರ್‌ಸಿಯಲ್ಲಿ ಹೊಸ ನಂಬರು ಬರೆಸಿಕೊಳ್ಳಬೇಕು. ಬರೆಸದಿದ್ದರೆ ನಾಳೆ ಇನ್ಶೂರೆನ್ಸ್ ಹಣ ಕೇಳುವಾಗ ತಕರಾರು. ಗುಜರಿಯಲ್ಲಿ ಫಳಫಳ ಹೊಸ ಕಪ್ಪು ಪೇಂಟ್ ಹೊಡೆದ ಎಂಜಿನ್ನು ಕಂಡರೆ ಖುಷಿಪಡುವ ಮುಂಚೆ ಅನುಮಾನ ಪಡಿ. ಜಿಡ್ಡು ಮುಚ್ಚಿಡೋದನ್ನೆಲ್ಲ ಪೇಂಟೂ ಮುಚ್ಚಿಡುತ್ತದೆ.

ಕೊನೆಗೆ ಗ್ಯಾರೇಜಿನವರಿಗೆ ಒಂದು ಮನವಿ. ಈ ಮೇಸ್ತ್ರಿ ಎಂಜಿನ್ನನ್ನು ದೊಡ್ಡ ತಗಡಿನ ತಟ್ಟೆಯಲ್ಲಿಟ್ಟು ತೊಳೆದರು. ಕೊಳೆ ಡೀಸೆಲ್ಲನ್ನು ಡಬ್ಬಕ್ಕೆ ತುಂಬಿಟ್ಟರು, ನೆಲಕ್ಕೆ ಬಿದ್ದದ್ದಕ್ಕೆ ಮರದ ಪುಡಿ ಹಾಕಿ ಬಳಿದರು. ಎಲ್ಲರೂ ಹೀಗೆ ಮಾಡೋದಿಲ್ಲ. ಎಷ್ಟೋ ಕಡೆ ಆ ಎಣ್ಣೆನೀರು ಚರಂಡಿಗೆ, ಇಲ್ಲವೇ ರಸ್ತೆಗೆ. ಮೊದಲ ಮಳೆ ಬಿದ್ದ ದಿನ ಬಸ್ಸಿಗೆ ಓಡುವ ಹೆಣ್ಣುಮಕ್ಕಳು, ಸ್ಕೂಟರಿನವರು ಜಾರಿ ಬೀಳೋದು ಅಲ್ಲೇ. ಬಳಸಿದ ಎಣ್ಣೆಯನ್ನು ಸರ್ಕಾರದ 2016ರ ನಿಯಮ ಅಪಾಯಕಾರಿ ತ್ಯಾಜ್ಯ ಅಂತಲೇ ಹೇಳುತ್ತದೆ. ಎಂಜಿನ್ನು ತೊಳೆಯಿರಿ ಸ್ವಾಮಿ, ಅದರ ಕೊಳೆ ಮಾತ್ರ ಊರಿನ ರಸ್ತೆಗೆ ಬೇಡ.